ಅರಸುವವರು ಮತ್ತು ಆರಿಸಲ್ಪಟ್ಟವರು



ಮನುಷ್ಯನು ದೇವರನ್ನು ಅರಸಿಕೊಂಡು ಹೋಗುತ್ತಾನೆಯೋ, ದೇವರೇ ಮನುಷ್ಯನನ್ನು ಆರಿಸಿಕೊಳ್ಳುತ್ತಾನೆಯೋ ಎಂಬ ಪ್ರಶ್ನೆ ಧರ್ಮಚಿಂತನೆಯಷ್ಟೇ ಹಳೆಯದು. ಅರಸುವ ಮನುಷ್ಯನ ಪ್ರಯತ್ನದಿಂದಲೇ ಮುಕ್ತಿ ದೊರೆಯುವುದಾದರೆ ಅದು ದುಡಿಮೆಗೆ ಸಂದ ಕೂಲಿಯಾಗುತ್ತದೆ. ಅಲ್ಲಿ ಕೃಪೆಯೆಂಬ ಮಾತಿಗೆ ಎಡೆ ಉಳಿಯುವುದಿಲ್ಲ. ಆರಿಸುವ ದೇವರ ಚಿತ್ತದಿಂದಲೇ ಎಲ್ಲವೂ ಆಗುವುದಾದರೆ, ಆರಿಸಲ್ಪಡದೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಜಗತ್ತಿನ ಭಕ್ತಿಪಂಥಗಳೆಲ್ಲವೂ ಈ ಇಕ್ಕಟ್ಟಿನಲ್ಲಿ ಒಂದಲ್ಲ ಒಂದು ಕಾಲಕ್ಕೆ ಸಿಲುಕಿವೆ. ತಮ್ಮ ತಮ್ಮ ಶಕ್ತ್ಯನುಸಾರ ಉತ್ತರವನ್ನೂ ಹೇಳಿವೆ.

ಮಠದ ಮಾಸಪತ್ರಿಕೆಯಲ್ಲಿ ಕ್ರೈಸ್ತರ ಒಂದು ಸಿದ್ಧಾಂತವನ್ನು ಕುರಿತು ಬರೆಯುವ ಅಗತ್ಯವೇನಿತ್ತು ಎಂದು ನೀವು ಕೇಳಬಹುದು. ಕಾರಣವನ್ನು ಹೇಳುತ್ತೇವೆ. ಕಳೆದ ಶ್ರಾವಣದಲ್ಲಿ ಗಬ್ಬೂರಿನಲ್ಲಿ ತಿಂಗಳ ಪರ್ಯಂತ ನಮ್ಮ ಪ್ರವಚನ ನಡೆಯಿತು. ಹುಬ್ಬಳ್ಳಿಯ ಹೊರಗಿನ ಒಕ್ಕಲುತನದ ಹಳ್ಳಿಯಾಗಿದ್ದ ಗಬ್ಬೂರು ಇಂದು ಬೆಂಗಳೂರಿನ ಹೆದ್ದಾರಿ ಎರಡಾಗಿ ಒಡೆಯುವ ಠಾವಾಗಿದೆ. ಒಂದು ದಾರಿ ಹುಬ್ಬಳ್ಳಿ ಪೇಟೆಯನ್ನು ಹೊಗುತ್ತದೆ. ಇನ್ನೊಂದು ಊರನ್ನು ಬಳಸಿಕೊಂಡು ಧಾರವಾಡದಾಚೆಯ ನರೇಂದ್ರದತ್ತ ಸಾಗುತ್ತದೆ. ಅಲ್ಲಿಯ ಒಕ್ಕಲು ಮನೆತನಗಳ ಮಕ್ಕಳು ಇದೇ ಹೆದ್ದಾರಿ ಹಿಡಿದು ಬೆಂಗಳೂರು ಸೇರಿದ್ದಾರೆ. ಒಂದು ಸಂಜೆ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ಅಂಥ ಮನೆಯ ತಾಯಿಯೊಬ್ಬಳು ಜನ ಕರಗುವವರೆಗೆ ಕಾದು ಕುಳಿತಿದ್ದು, ಕಡೆಗೆ ಎದ್ದು ಬಂದಳು.

"ಅಜ್ಜಾರ, ಮಗಳು ಬ್ಯಾರೆ ಧರ್ಮದವರ ಪ್ರಾರ್ಥನಾಕ್ಕ ಹೊಂಟಾಳಂತ ನಂಗ ಅಷ್ಟು ದುಃಖ ಇಲ್ರಿ. ನಮ್ಮ ಅತ್ತಿ ಲಿಂಗೈಕ್ಯ ಆಗಿ ವರ್ಷಾಗತ ಬಂತು. ಆಕೀನ ಎತ್ತಿ ಆಡಿಸಿದ ಮೊಮ್ಮಗಳಿದು. ಈಗ 'ಆಯಿಗೆ ರಕ್ಷಣೆ ಇಲ್ಲ, ದೇವರು ಆಕೀನ ಆರಿಸಿಲ್ಲ' ಅಂತ ರಾತ್ರಿ ಫೋನಿನ್ಯಾಗ ಅಳತಾಳ್ರಿ. ನಾ ಏನು ಹೇಳ್ಲಿ?"

ಮನೆಯ ಯಜಮಾನರು ಸಿಟ್ಟಿಗೆದ್ದು, ಅಂಥ ಮಗಳು ಮನೆಯ ಹೊಸ್ತಿಲು ತುಳಿಯುವುದು ಬೇಡವೆಂದು ಹೇಳಿಬಿಟ್ಟಿದ್ದರಂತೆ. ಆ ತಾಯಿಗೆ ಅಂದು ನಾವು ಹೇಳಿದ್ದು ಇಷ್ಟೇ: ಮಗಳು ಊರಿಗೆ ಬಂದಾಗ ಮಠಕ್ಕೆ ಕರೆತರಬೇಕು, ಅಲ್ಲಿಯವರೆಗೆ ಬಾಗಿಲು ಮುಚ್ಚಬಾರದು. ಆದರೆ ಆ ಹುಡುಗಿಯ ಅಳುವಿನ ಹಿಂದೆ ಎಷ್ಟು ದೊಡ್ಡ ವಿಚಾರ ನಿಂತಿದೆ ಎಂಬುದು ನಮ್ಮ ಭಕ್ತರಿಗೂ, ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳಿಗೂ ತಿಳಿದಿರಬೇಕೆಂದು ಅಂದೇ ಅನಿಸಿತು. ನೆರೆಯವನ ಧರ್ಮವನ್ನು ತಿಳಿಯದೆ ಅದನ್ನು ಹೊಗಳುವುದೂ ಸಲ್ಲ, ಹಳಿಯುವುದೂ ಸಲ್ಲ.

ಈ ಸಿದ್ಧಾಂತವನ್ನು ಸಾಮಾನ್ಯವಾಗಿ ಜಾನ್ ಕ್ಯಾಲ್ವಿನ್ನನ ಹೆಸರಿನಿಂದ ಕರೆಯುತ್ತಾರೆ. ಫ್ರಾನ್ಸ್ ದೇಶದಲ್ಲಿ 1509ರಲ್ಲಿ ಹುಟ್ಟಿದ ಈತನು ಧರ್ಮಸುಧಾರಣೆಯ ಕಾಲದಲ್ಲಿ ತಾಯ್ನಾಡನ್ನು ಬಿಟ್ಟು, ಬಹುಕಾಲ ಜಿನೀವಾ ನಗರದಲ್ಲಿ ನೆಲೆಸಿ, 1564ರಲ್ಲಿ ಅಲ್ಲಿಯೇ ಕಾಲವಾದನು. ಕ್ರೈಸ್ತಧರ್ಮದ ತತ್ತ್ವಗಳನ್ನು ನಿರೂಪಿಸುವ ಅವನ ಮಹಾಗ್ರಂಥದ ಮೊದಲ ಆವೃತ್ತಿ 1536ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಅಚ್ಚಾಯಿತು. ಮನುಷ್ಯನು ಪಾಪದಿಂದ ಎಷ್ಟು ಕುಗ್ಗಿದ್ದಾನೆಂದರೆ ದೇವರ ಕಡೆಗೆ ತಿರುಗುವ ಶಕ್ತಿಯೂ ಅವನಲ್ಲಿ ಉಳಿದಿಲ್ಲ. ದೇವರು ಸೃಷ್ಟಿಗೆ ಮೊದಲೇ ಕೆಲವರನ್ನು ಕೇವಲ ತನ್ನ ಕೃಪೆಯಿಂದ ರಕ್ಷಣೆಗೆ ಆರಿಸಿದ್ದಾನೆ. ಆ ಆಯ್ಕೆಗೆ ಅವರ ಪುಣ್ಯವಾಗಲಿ, ಮುಂದೆ ಅವರು ತೋರಲಿರುವ ನಂಬಿಕೆಯಾಗಲಿ ಕಾರಣವಲ್ಲ. ಉಳಿದವರು ನ್ಯಾಯವಾದ ದಂಡನೆಗೆ ಬಿಡಲ್ಪಟ್ಟಿದ್ದಾರೆ — ಇದು ಅವನ ಮತದ ಸಾರ. ಅವನ ಅನುಯಾಯಿಗಳಿಗೂ ಆರ್ಮಿನಿಯಸ್ ಎಂಬ ಪಂಡಿತನ ಶಿಷ್ಯರಿಗೂ ಹಾಲೆಂಡಿನಲ್ಲಿ ವಾದ ಬೆಳೆದಾಗ, 1618–19ರಲ್ಲಿ ಡಾರ್ಟ್ ಎಂಬ ಊರಿನಲ್ಲಿ ಧರ್ಮಸಭೆ ಸೇರಿ ಈ ಮತವನ್ನು ಖಚಿತವಾದ ನಿರ್ಣಯಗಳಲ್ಲಿ ಕಟ್ಟಿಕೊಟ್ಟಿತು. ಮನುಷ್ಯನು ಕೃಪೆಯನ್ನು ಒಪ್ಪಲೂಬಹುದು, ತಳ್ಳಲೂಬಹುದು ಎಂಬ ಆರ್ಮಿನಿಯಸ್ ಪಕ್ಷದವರ ನಿಲುವನ್ನು ಅದು ತಿರಸ್ಕರಿಸಿತು.

ಓದುಗರಿಗೆ ಇದು ನಿಷ್ಕರುಣೆಯ ಮತವೆಂದು ತೋರುವುದು ಸಹಜ. ಆರಿಸದೆ ಬಿಟ್ಟವರ ಕುರಿತಾದ ದೈವನಿರ್ಣಯ ಭಯಂಕರವಾದದ್ದೆಂದು ಕ್ಯಾಲ್ವಿನ್ನನೇ ಒಪ್ಪಿಕೊಂಡಿದ್ದಾನೆ. ಆದರೂ ಅವನು ಈ ವಿಚಾರಕ್ಕೆ ಬಂದ ದಾರಿಯನ್ನು ನೋಡಬೇಕು. ಒಂದೇ ಉಪದೇಶವನ್ನು ನೂರು ಜನ ಕೇಳುತ್ತಾರೆ. ಒಬ್ಬನ ಹೃದಯ ಕರಗುತ್ತದೆ, ಇನ್ನೊಬ್ಬನ ಹೃದಯ ಕಲ್ಲಾಗಿಯೇ ಉಳಿಯುತ್ತದೆ. ಏಕೆ ಹೀಗೆ? ಕರಗಿದವನು ಉಳಿದವರಿಗಿಂತ ಉತ್ತಮನೆಂದರೆ ಅವನಿಗೆ ಅಹಂಕಾರ ಬರುತ್ತದೆ. ಅವನಲ್ಲಿ ಹೆಚ್ಚಿನದೇನೂ ಇಲ್ಲ, ಕರಗಿಸಿದವನು ದೇವರು ಎಂದರೆ ಅವನು ತಲೆಬಾಗುತ್ತಾನೆ. ದೇಶಭ್ರಷ್ಟರಾಗಿ, ಹಿಂಸೆಗೆ ಗುರಿಯಾಗಿ ಅಲೆಯುತ್ತಿದ್ದ ಅಂದಿನ ಜನರಿಗೆ, ತಮ್ಮನ್ನು ಹಿಡಿದ ಕೈ ಜಾರಿ ಬಿಡುವುದಿಲ್ಲವೆಂಬ ಈ ಮಾತು ದೊಡ್ಡ ಆಸರೆಯಾಗಿತ್ತು. ಇನ್ನೊಂದು ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದಾನೆ. ದೇವರ ಗುಪ್ತ ಸಂಕಲ್ಪವನ್ನು ಕುತೂಹಲದಿಂದ ಕೆದಕಹೊರಟವನು ಹೊರದಾರಿಯಿಲ್ಲದ ಚಕ್ರವ್ಯೂಹವನ್ನು ಹೊಕ್ಕಂತೆ ಎಂಬುದು ಅವನ ಅಭಿಪ್ರಾಯ. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿರಿ.

ಇಲ್ಲಿ ಸಹಜವಾದ ಆಕ್ಷೇಪವೊಂದು ಬರುತ್ತದೆ. ಆರಿಸಲ್ಪಟ್ಟವರ ಸಂಖ್ಯೆ ಮೊದಲೇ ಗೊತ್ತಾಗಿದ್ದರೆ ಸಮುದ್ರ ದಾಟಿ ಹೋಗಿ ಸುವಾರ್ತೆ ಸಾರುವುದೇಕೆ? ಇಂಗ್ಲೆಂಡಿನ ಕೆಲವು ಸಭೆಗಳು 18ನೆಯ ಶತಮಾನದಲ್ಲಿ ಈ ತರ್ಕವನ್ನೇ ಹಿಡಿದು ಎಲ್ಲರಿಗೂ ಕರೆ ಕೊಡುವುದನ್ನು ನಿಲ್ಲಿಸಿದ್ದವು. ಇದನ್ನು ಒಪ್ಪದವರೂ ಅದೇ ಕ್ಯಾಲ್ವಿನ್ ಪಂಥದೊಳಗಿನಿಂದಲೇ ಎದ್ದರು. ಆಂಡ್ರ್ಯೂ ಫುಲ್ಲರ್ ಎಂಬ ಬೋಧಕನು 1785ರಲ್ಲಿ, ಆಯ್ಕೆ ದೇವರದಾದರೂ ಕರೆ ಎಲ್ಲರಿಗೂ ಸಲ್ಲಬೇಕೆಂದು ಗ್ರಂಥ ಬರೆದನು. ಅವನ ಮಿತ್ರ ವಿಲಿಯಂ ಕೇರಿ 1792ರಲ್ಲಿ, ದೇವರ ಕಾರ್ಯಕ್ಕೆ ಮನುಷ್ಯನು ಸಾಧನವಾಗಿ ದುಡಿಯಬೇಕೆಂದು ವಾದಿಸಿ, ಮರುವರ್ಷವೇ ಬಂಗಾಳಕ್ಕೆ ಬಂದನು. ಈ ಕೇರಿಯು ವೃತ್ತಿಯಿಂದ ಪಾದರಕ್ಷೆ ಮಾಡುವವನು. ಹರಳಯ್ಯನವರನ್ನು ನೆನೆಯುವ ನಮಗೆ ಈ ಸಂಗತಿ ಹಿತವಾಗಿ ತೋರಬೇಕು. ಅವನು ಕನ್ನಡಕ್ಕೂ ಒಂದು ವ್ಯಾಕರಣವನ್ನು ಬರೆದು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದನು.

ಇವರ ವಾದವನ್ನು ನಮ್ಮ ನೆಲದ ಮಾತಿನಲ್ಲಿ ಹೀಗೆ ಹೇಳಬಹುದು. ಮುಂಗಾರಿಯಲ್ಲಿ ಒಕ್ಕಲಿಗನು ಕೂರಿಗೆ ಹೂಡುತ್ತಾನೆ. ಬಟ್ಟಲಿಗೆ ಬಿದ್ದ ಕಾಳುಗಳಲ್ಲಿ ಯಾವುದು ಮೊಳೆಯುವುದು, ಯಾವುದು ಮಣ್ಣಾಗುವುದು ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದಲೇ ಸಾಲು ಬಿಡದೆ ಬಿತ್ತುತ್ತಾನೆ. ಮೊಳೆಯಿಸುವ ಶಕ್ತಿ ತನ್ನದಲ್ಲವೆಂದು ತಿಳಿದಿರುವುದರಿಂದ, ಬೆಳೆ ಬಂದರೆ ಬೀಗುವುದಿಲ್ಲ, ಬಾರದಿದ್ದರೆ ಬಿತ್ತುವುದನ್ನು ಬಿಡುವುದೂ ಇಲ್ಲ.

ಈ ಬಿತ್ತನೆ ನಮ್ಮ ಭಾಗಕ್ಕೂ ಬಂದಿತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕ್ರೈಸ್ತರ ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದನು. ಅದೇ ಮಿಶನ್ 1820ರಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡಿತು. ಲಂಡನ್ ಮಿಶನ್ನಿನ ಹಿನ್ನೆಲೆ ಬಹುಮಟ್ಟಿಗೆ ಕ್ಯಾಲ್ವಿನ್ ಪರಂಪರೆಯದು. 1904ರಲ್ಲಿ ಬೆಳಗಾವಿಯ ಕಾರ್ಯವನ್ನು ಅದು ಮೆಥಡಿಸ್ಟರಿಗೆ ಒಪ್ಪಿಸಿತು. ಮೆಥಡಿಸ್ಟರ ಮೂಲಗುರು ಜಾನ್ ವೆಸ್ಲಿಯಾದರೋ ಆರ್ಮಿನಿಯಸ್ ಪಕ್ಷದವನು; ಪೂರ್ವನಿರ್ಣಯವಾದವನ್ನು ಕಟುವಾಗಿ ಖಂಡಿಸಿದವನು. ಹೀಗೆ ಒಂದೇ ಊರಿನ ಕ್ರೈಸ್ತ ಸಮಾಜವು ಒಂದು ಪಕ್ಷದವರ ಕೈಯಿಂದ ಪ್ರತಿಪಕ್ಷದವರ ಕೈಗೆ ಶಾಂತವಾಗಿ ದಾಟಿತು. ವೆಸ್ಲಿಗೂ ಅವನ ಗೆಳೆಯ, ಕ್ಯಾಲ್ವಿನ್ ಮತದ ವಾಗ್ಮಿ ಜಾರ್ಜ್ ವಿಟ್‌ಫೀಲ್ಡನಿಗೂ ಈ ವಿಷಯದಲ್ಲಿಯೇ ತೀವ್ರ ಭೇದವುಂಟಾಗಿತ್ತು. ಆದರೂ 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಅವನ ಸ್ಮರಣೆಯ ಉಪದೇಶವನ್ನು ಮಾಡಿದವನು ವೆಸ್ಲಿಯೇ. ಮತಭೇದವುಳ್ಳವರು ಹೇಗಿರಬೇಕೆಂಬುದಕ್ಕೆ ಇದೊಂದು ಮೇಲ್ಪಂಕ್ತಿ.

ಹುಬ್ಬಳ್ಳಿ–ಧಾರವಾಡಗಳಿಗೆ ಬಂದದ್ದು ಬಾಸೆಲ್ ಮಿಶನ್. ಕ್ಯಾಲ್ವಿನ್ನನ ಗ್ರಂಥ ಅಚ್ಚಾದ ಅದೇ ಊರಿನಲ್ಲಿ 1815ರಲ್ಲಿ ಅದು ಸ್ಥಾಪನೆಯಾಯಿತು. 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದಿತು. ಅದನ್ನು ಕಟ್ಟಾ ಕ್ಯಾಲ್ವಿನ್ ಪಂಥವೆಂದು ಹೇಳಲಾಗದು. ಸ್ವಿಟ್ಜರ್ಲೆಂಡಿನ ಸುಧಾರಿತ ಸಭೆಯವರೂ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲೂಥರ್ ಮತದವರೂ ಕೂಡಿ ಕಟ್ಟಿದ ಭಕ್ತಿಪ್ರಧಾನ ಸಂಸ್ಥೆ ಅದು. ಸಿದ್ಧಾಂತದ ಜಗಳಕ್ಕಿಂತ ಹೃದಯಪರಿವರ್ತನೆಗೆ ಅದು ಒತ್ತು ಕೊಟ್ಟಿತು. ಆದರೂ ಕ್ಯಾಲ್ವಿನ್ನನನ್ನು ಕಾಡಿದ ಪ್ರಶ್ನೆ ಅದನ್ನೂ ಇಲ್ಲಿ ಕಾಡದೆ ಬಿಡಲಿಲ್ಲ.

1840ರ ಸುಮಾರಿಗೆ ಈ ಭಾಗದ ಕಾಲಜ್ಞಾನ ಸಂಪ್ರದಾಯದ ಕೆಲವರು ಮಿಶನರಿಗಳನ್ನು ಕಂಡು, ತಮ್ಮ ಗ್ರಂಥಗಳು ಮುನ್ಸೂಚಿಸಿದ ಹೊಸ ಧರ್ಮ ಇದೇ ಇರಬಹುದೆಂದು ಆಸಕ್ತಿ ತೋರಿದರು. ಜನ ಸಾವಿರಗಟ್ಟಲೆ ಬಂದು ಸೇರುವರೆಂಬ ನಿರೀಕ್ಷೆ ಮಿಶನರಿಗಳಲ್ಲಿ ಹುಟ್ಟಿತು. ಅಂಥವರಿಗಾಗಿಯೇ ಗದಗ–ಬೆಟಗೇರಿಯ ಹತ್ತಿರ ಮಲ್ಲಸಮುದ್ರದಲ್ಲಿ ಭೂಮಿ ಪಡೆದು, ಒಕ್ಕಲುತನದ ಒಂದು ನೆಲೆಯನ್ನು ಕಟ್ಟಿದರು. ಆದರೆ ನಿರೀಕ್ಷಿಸಿದ ಸಾವಿರಾರು ಜನ ಬರಲಿಲ್ಲ. ಅದೇ ಉಪದೇಶ, ಅದೇ ಸಂತೆ, ಅದೇ ಜಾತ್ರೆ. ಕೇಳಿದವರು ಬಹಳ, ಒಪ್ಪಿದವರು ಕೆಲವರು. ಬಿತ್ತಿದವರು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಶಾಲೆಗಳನ್ನು ತೆರೆದರು, ನಮ್ಮ ಮಾತನ್ನು ಕಲಿತರು, ನಮ್ಮ ಗ್ರಂಥಗಳನ್ನು ಓದಿದರು. ಬಸವಪುರಾಣ ಮತ್ತು ಚೆನ್ನಬಸವಪುರಾಣಗಳನ್ನು ಸಂಗ್ರಹವಾಗಿ ಇಂಗ್ಲಿಷಿಗೆ ತಂದು 1860ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ ವುರ್ಥ್ ಈ ಮಿಶನ್ನಿನವನು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಿತು; ಇಂದಿಗೂ ನಮ್ಮ ಮಠದ ಗ್ರಂಥಭಂಡಾರದಲ್ಲಿ ಅದು ಕೈಗೆಟಕುವ ಠಾವಿನಲ್ಲಿದೆ. ಅವರು ಬಂದ ಉದ್ದೇಶವನ್ನು ನಾವು ಒಪ್ಪದಿರಬಹುದು. ಫಲದ ಲೆಕ್ಕ ತಪ್ಪಿದ ಮೇಲೂ ದುಡಿಮೆಯನ್ನು ಬಿಡದ ಅವರ ನಿಷ್ಠೆಯನ್ನು ಒಪ್ಪದಿರಲು ಕಾರಣ ಕಾಣದು.

ಇನ್ನು ನಮ್ಮ ಕಡೆಗೆ ಬರೋಣ. ದೇವರ ಆಯ್ಕೆಯೆಂಬುದು ಪರದೇಶದ ವಿಚಾರ, ನಮಗೆ ಹೊಸದು ಎಂದು ಭಾವಿಸಬಾರದು. ಕಠೋಪನಿಷತ್ತಿನಲ್ಲಿಯೇ ವರಣದ ಮಾತಿದೆ: ಆತ್ಮದರ್ಶನವು ಪಾಂಡಿತ್ಯಕ್ಕೆ ದಕ್ಕುವಂಥದಲ್ಲ, ವರಣದಿಂದ ದಕ್ಕುವಂಥದು ಎಂಬುದು ಅದರ ಆಶಯ. ಅಲ್ಲಿ ವರಿಸುವವನು ಸಾಧಕನೆಂದು ಶಂಕರರೂ, ಭಗವಂತನೆಂದು ರಾಮಾನುಜರೂ ಅರ್ಥ ಮಾಡಿದರು. ಶ್ರೀವೈಷ್ಣವರಲ್ಲಿ ಮರಿಯೇ ತಾಯಿಯನ್ನು ಅಪ್ಪಿ ಹಿಡಿಯುವ ಮಂಗನ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವ ಬೆಕ್ಕಿನ ನ್ಯಾಯ ಎಂದು ಎರಡು ಪಕ್ಷಗಳೇ ಆದವು. ನಮ್ಮ ಉಡುಪಿಯ ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಸ್ವಭಾವದಿಂದಲೇ ಮೂರು ಬಗೆಯನ್ನು ಹೇಳಿದರು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಭ್ಯಾಸ ಮಾಡುವಾಗ ಕ್ಯಾಲ್ವಿನ್ನನನ್ನೂ ಮಧ್ವರನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ನೆನಪು ನಮಗಿದೆ. ಇಬ್ಬರಿಗೂ ಹೋಲಿಕೆಯುಂಟು, ಭೇದವೂ ಸಣ್ಣದಲ್ಲ. ಮಧ್ವರಲ್ಲಿ ಭೇದವು ಜೀವನ ಅನಾದಿಯಾದ ಸ್ವಭಾವದಲ್ಲಿದೆ, ಭಗವಂತನು ಅದನ್ನು ವ್ಯಕ್ತಗೊಳಿಸುತ್ತಾನೆ. ಕ್ಯಾಲ್ವಿನ್ನನಲ್ಲಿ ಅದು ದೇವರ ಸ್ವತಂತ್ರ ಸಂಕಲ್ಪದಲ್ಲಿದೆ.

ನಮ್ಮ ಶಿವಾಗಮಗಳ ಪರಂಪರೆ ಈ ಗಂಟನ್ನು ಬೇರೆ ಬಗೆಯಿಂದ ಬಿಡಿಸುತ್ತದೆ. ಶಿವನ ಪಂಚಕೃತ್ಯಗಳು ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹ ಎಂಬವು. ತಿರೋಧಾನವೆಂದರೆ ಮರೆಮಾಡುವುದು. ಒಬ್ಬನಿಗೆ ಇಂದು ಶಿವನು ಕಾಣದಿದ್ದರೆ ಅದೂ ಶಿವನ ಕೃತ್ಯವೇ. ಆದರೆ ಆ ಮರೆಯು ಮಲಗಳು ಪಕ್ವವಾಗುವವರೆಗೆ ಮಾತ್ರ, ಅದರ ಮುಂದಿನ ಹೆಜ್ಜೆ ಅನುಗ್ರಹ. ತಾಯಿ ಹಾಲು ಬಿಡಿಸುವಾಗ ಮೊಲೆಗೆ ಬೇವು ಸವರುವುದು ಮಗುವನ್ನು ದೂಡಲಿಕ್ಕಲ್ಲ. ಗುರುವಿನ ಕಾರುಣ್ಯದಿಂದ ಕ್ರಿಯಾ, ಮಂತ್ರ, ವೇಧಾ ಎಂಬ ಮೂರು ದೀಕ್ಷೆಗಳು ದೊರೆತು, ಮಲತ್ರಯ ಕಳೆದು, ಇಷ್ಟ–ಪ್ರಾಣ–ಭಾವಲಿಂಗಗಳ ಅರಿವಾಗುವುದೆಂದು ನಾವು ನಂಬಿದ್ದೇವೆ. ಷಟ್‌ಸ್ಥಲಗಳಲ್ಲಿ ಮೂರನೆಯದಕ್ಕೆ ಪ್ರಸಾದಿಸ್ಥಲವೆಂದೇ ಹೆಸರು. ಆದ್ದರಿಂದ, ತನ್ನಿಂದ ಏನೂ ಆಗದು, ಎಲ್ಲವೂ ಕೃಪೆಯೆಂಬ ಕ್ಯಾಲ್ವಿನ್ನನ ಮಾತಿನ ಮೊದಲರ್ಧಕ್ಕೆ ಶರಣರ ಮಕ್ಕಳಾದ ನಾವು ಸಂತೋಷದಿಂದ ತಲೆದೂಗಬಹುದು. ಎಂದೆಂದಿಗೂ ಕೃಪೆಯಿಲ್ಲದವರು ಕೆಲವರುಂಟೆಂಬ ಉತ್ತರಾರ್ಧವನ್ನು ಮಾತ್ರ ಒಪ್ಪಲಾರೆವು. ನಮ್ಮ ಲೆಕ್ಕದಲ್ಲಿ ಅಂಗವೆಲ್ಲವೂ ಲಿಂಗದಿಂದಲೇ ಬಂದದ್ದು. ಲಿಂಗದ ಹೊರಗೆ ಬಿದ್ದ ಅಂಗವಿಲ್ಲ.

ದಸರೆಯ ರಜೆಯಲ್ಲಿ ಆ ಹುಡುಗಿ ಊರಿಗೆ ಬಂದಾಗ ತಾಯಿ ಅವಳನ್ನು ಕರೆತಂದಳು. ನಮಸ್ಕಾರ ಮಾಡಲೋ ಬೇಡವೋ ಎಂದು ಹುಡುಗಿ ಒಂದು ಕ್ಷಣ ತಡೆದು, ಕೈ ಮುಗಿದು ನಿಂತಳು.

"ಅಜ್ಜಾರ, ನನ್ನ ತಿರುಗಿ ಕರಕೊಳ್ಳಾಕ ಕರಸೀರಿ ಅಂದ್ರ ಮೊದಲ ಹೇಳಿಬಿಡ್ತೀನ್ರಿ, ಅದು ಆಗೂದಿಲ್ಲ."

"ಅದರ ಸಲುವಾಗಿ ಕರೆಸಿಲ್ಲವಾ ತಂಗಿ. ನಿಮ್ಮ ಆಯಿ ಮಾತು ಆಡೂಣಂತ ಕರೆಸೇವಿ."

ಆಮೇಲೆ ಅವಳು ಕುಳಿತಳು. ಸುವಾರ್ತೆಯನ್ನು ಕೇಳುವ ಅವಕಾಶವೇ ಇಲ್ಲದವರ ವಿಷಯವನ್ನು ನಾವು ಮೊದಲು ಎತ್ತಿದೆವು. ಅವಳು ತಲೆಯಲ್ಲಾಡಿಸಿದಳು. "ಕೇಳದವರ ಮಾತು ಬ್ಯಾರೆ ಇರಬಹುದ್ರಿ. ಆಯಿ ಕೇಳಿದ್ದಳು. ನಾನ ಹೇಳಿದ್ದೆ. ಆಕಿ ನಕ್ಕು, ನನ್ನ ಗಲ್ಲಾ ಹಿಡಿದು ಮುದ್ದು ಮಾಡಿ, ಲಿಂಗಪೂಜಿಗೆ ಕುಂತಳ್ರಿ."

ಆ ಹುಡುಗಿಯ ಸಂಕಟ ಎಷ್ಟು ಆಳದ್ದೆಂಬುದು ಆ ಮಾತಿನಿಂದ ತಿಳಿಯಿತು. ಅಜ್ಜಿಯನ್ನು ಪ್ರೀತಿಸದವಳಾಗಿದ್ದರೆ ಅವಳಿಗೆ ಈ ಅಳುವೇ ಇರುತ್ತಿರಲಿಲ್ಲ. ಇಂಥವಳೆದುರು ನಮ್ಮ ಸಿದ್ಧಾಂತದ ಹೆಚ್ಚುಗಾರಿಕೆಯನ್ನು ಸಾಧಿಸುತ್ತ ಕೂಡುವುದು ಗುರುಸ್ಥಾನಕ್ಕೆ ಒಪ್ಪುವ ಕೆಲಸವಲ್ಲ. ಅವಳು ಒಪ್ಪಿದ ಮತದೊಳಗಿನಿಂದಲೇ ಹೇಳಬಹುದಾದದ್ದನ್ನು ಹೇಳಿದೆವು.

ಕ್ಯಾಲ್ವಿನ್ನನಿಗಿಂತ ಮೊದಲು ಜ್ಯೂರಿಕ್ ನಗರದಲ್ಲಿ ಅದೇ ಸುಧಾರಣೆಯನ್ನು ನಡೆಸಿದ ಜ್ವಿಂಗ್ಲಿಯೂ ದೇವರ ಆಯ್ಕೆಯನ್ನು ದೃಢವಾಗಿ ನಂಬಿದವನು. ಆಯ್ಕೆ ದೇವರ ಸ್ವಾತಂತ್ರ್ಯಕ್ಕೆ ಸೇರಿದ್ದಾದರೆ ಅದು ನಮ್ಮ ಸಭೆಯ ಗೋಡೆಯೊಳಗೇ ನಿಲ್ಲಬೇಕೆಂಬ ನಿಯಮವೇನು ಎಂದು ಅವನು ತರ್ಕಿಸಿದನು. 1531ರಲ್ಲಿ ಬರೆದ ತನ್ನ ಕಡೆಯ ಗ್ರಂಥಗಳಲ್ಲೊಂದರಲ್ಲಿ, ಕ್ರಿಸ್ತನ ಹೆಸರನ್ನೇ ಕೇಳದ ಸಾಕ್ರೆಟಿಸನಂಥವರನ್ನೂ ಸ್ವರ್ಗದಲ್ಲಿ ಕಾಣುವೆವೆಂದು ಬರೆದನು. ಲೂಥರನು ಅದಕ್ಕಾಗಿ ಅವನ ಮೇಲೆ ಕಿಡಿ ಕಾರಿದನು. 1566ರಲ್ಲಿ ಪ್ರಕಟವಾಗಿ ಸ್ವಿಟ್ಜರ್ಲೆಂಡಿನ ಸುಧಾರಿತ ಸಭೆಗಳಿಗೆ ಪ್ರಮಾಣವಾದ ವಿಶ್ವಾಸಪ್ರಕಟಣೆಯು, ತನ್ನವರು ಯಾರೆಂಬುದು ದೇವರಿಗೆ ತಿಳಿದಿದೆಯೆಂದು ಹೇಳುವ ಪ್ರಕರಣದಲ್ಲಿಯೇ, ಯಾರನ್ನೂ ದುಡುಕಿ ತಿರಸ್ಕೃತರ ಸಾಲಿಗೆ ಹಾಕದೆ ಎಲ್ಲರ ಬಗೆಗೂ ಒಳ್ಳೆಯ ನಿರೀಕ್ಷೆಯನ್ನಿಡಬೇಕೆಂದು ವಿಧಿಸಿತು. ಬಾಸೆಲ್ ಊರಿನಲ್ಲಿಯೇ ಹುಟ್ಟಿದ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಕಾರ್ಲ್ ಬಾರ್ಥ್ ಎಂಬ ಮಹಾಪಂಡಿತನು 1942ರಲ್ಲಿ ಈ ಸಿದ್ಧಾಂತವನ್ನೇ ಬುಡದಿಂದ ತಿದ್ದಿ ಬರೆದನು. ಆರಿಸಲ್ಪಟ್ಟವನೂ ತಿರಸ್ಕೃತನೂ ಕ್ರಿಸ್ತನೊಬ್ಬನೇ. ಮಾನವರ ಪಾಲಿನ ತಿರಸ್ಕಾರವನ್ನು ಅವನೇ ಹೊತ್ತನು ಎಂಬುದು ಅವನ ನಿಲುವು. ಅವಳ ಸಭೆಯವರು ಇವನ್ನೆಲ್ಲ ಒಪ್ಪುವರೆಂದು ನಾವು ಹೇಳಲಿಲ್ಲ. 17ನೆಯ ಶತಮಾನದ ಇಂಗ್ಲಿಷ್ ಸುಧಾರಕರ ವೆಸ್ಟ್‌ಮಿನ್‌ಸ್ಟರ್ ಪ್ರಕಟಣೆಯು ಕ್ರೈಸ್ತ ವಿಶ್ವಾಸದ ಹೊರಗಿನವರಿಗೆ ರಕ್ಷಣೆಯಿಲ್ಲವೆಂದೇ ಸಾರಿದೆ, ಅದನ್ನೂ ಮರೆಮಾಡಲಿಲ್ಲ.

ಕಡೆಗೆ ಇಷ್ಟು ಹೇಳಿದೆವು: "ನಿಮ್ಮ ಹಿರಿಯರು ಆ ಪುಸ್ತಕ ಮನುಷ್ಯಾರು ತೆರೆಯೂದಲ್ಲ ಅಂದಾರ. ಲೋಕಕ್ಕೆಲ್ಲ ಮುಚ್ಚಿದ ಪುಸ್ತಕ ನಿಮ್ಮ ಆಯಿ ಹೆಸರಿಗೆ ಮಾತ್ರ ನೀ ಯಾಕ ತೆರೀತಿ?"

ಅವಳು ಬಹಳ ಹೊತ್ತು ಮಾತಾಡಲಿಲ್ಲ. "ಹಂಗಾದ್ರ ಆಯಿ ಸಲುವಾಗಿ ನಾ ಭರವಸೆ ಇಟ್ಕೋಬಹುದೇನ್ರಿ?" ಎಂದಳು.

"ಇಟ್ಕೋಬ್ಯಾಡ ಅನ್ನೂ ಅಧಿಕಾರ ಯಾರಿಗೂ ಇಲ್ಲವಾ."

ಅವಳು ಮರಳಿ ಲಿಂಗ ಧರಿಸಲಿಲ್ಲ. ನಾವು ಕೇಳಲೂ ಇಲ್ಲ. ಅಜ್ಜಿಯ ವರ್ಷದ ಪುಣ್ಯಸ್ಮರಣೆಗೆ ಮಾತ್ರ 2 ದಿನ ಮೊದಲೇ ಬಂದು, ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳ ಸಂಗಡ ಕುಳಿತು ಬದನೆಕಾಯಿ ಹೆಚ್ಚಿದಳು, ಪಂಕ್ತಿಗೆ ರೊಟ್ಟಿ ನೀಡಿದಳು. ವಿಭೂತಿಯನ್ನು ಯಾರೂ ಒತ್ತಾಯಿಸಲಿಲ್ಲ. ಹೊಸ್ತಿಲು ತುಳಿಯಬೇಡವೆಂದಿದ್ದ ತಂದೆ ಅವಳ ತಾಟಿಗೆ ತಾವೇ ತುಪ್ಪ ಹಾಕಿದರೆಂದು ತಾಯಿ ಆಮೇಲೆ ಹೇಳಿ ಕಳಿಸಿದಳು.

ಸದ್ಭಕ್ತರೇ, ಇಷ್ಟಕ್ಕೆ ಮುಗಿಸಿದರೆ ಪರರ ಮನೆಯ ಕಸವನ್ನು ತೋರಿಸಿ ನಮ್ಮ ಅಂಗಳವನ್ನು ಮರೆತಂತಾದೀತು. ನಮ್ಮಲ್ಲಿಯೂ ಒಂದು ಪೂರ್ವನಿರ್ಣಯವಾದ ಬೆಳೆದಿದೆ. ಅದಕ್ಕೆ ಯಾವ ಧರ್ಮಸಭೆಯೂ ಸೇರಿ ನಿರ್ಣಯ ಮಾಡಲಿಲ್ಲ, ಅಷ್ಟೇ. ಗುಡಿಯ ಹೊರಗೆ ನಿಂತವನನ್ನು ಕಂಡು 'ಅದು ಅವನ ಪೂರ್ವಜನ್ಮದ ಕರ್ಮ' ಎಂದು ಎಷ್ಟು ಶತಮಾನ ಹೇಳಿಕೊಂಡು ಬಂದೆವು? ಕ್ಯಾಲ್ವಿನ್ ಪಂಥದ ಬೋಧಕನಿಗೆ ತಿರಸ್ಕೃತನು ಯಾರೆಂದು ಗೊತ್ತಿಲ್ಲವಾದ್ದರಿಂದ ಅವನು ಎಲ್ಲರ ಮನೆಯ ಬಾಗಿಲಿಗೂ ಹೋದನು. ನಾವಾದರೋ ಹುಟ್ಟಿದ ಕೇರಿಯನ್ನು ನೋಡಿಯೇ ಗುರುತು ಹಿಡಿದೆವು, ಆ ಬಾಗಿಲಿಗೆ ಹೋಗಲಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಕ್ರೂರವೆಂಬುದನ್ನು ನೀವೇ ವಿಚಾರಿಸಿರಿ.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಇದನ್ನೇ ಮುರಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಇವರ ಹೆಸರುಗಳನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಬಸವಣ್ಣನವರು, ಶಿವನ ಒಲುಮೆಗೆ ಕುಲದ ಪಟ್ಟಿಯಿಲ್ಲವೆಂದು ಬದುಕಿನಿಂದಲೇ ತೋರಿಸಿದರು. ಅಂದು ಲಿಂಗವಂತನಾಗುವುದು ದೀಕ್ಷೆಯಿಂದ; ಕರೆ ಎಲ್ಲರಿಗೂ ಇತ್ತು. ಜಂಗಮವೆಂದರೆ ಸಂಚರಿಸುವುದು, ಬಾಗಿಲಿಂದ ಬಾಗಿಲಿಗೆ ನಡೆಯುವುದೇ ಅದರ ವ್ರತವಾಗಿತ್ತು. ಕಾಲಾನಂತರದಲ್ಲಿ ದೀಕ್ಷೆ ಮನೆತನದ ಆಸ್ತಿಯಂತಾಯಿತು. ಲಿಂಗವಂತನ ಮಗನು ಹುಟ್ಟಿನಿಂದಲೇ ಆರಿಸಲ್ಪಟ್ಟವನಾದನು. ಲಿಂಗ ಕಟ್ಟಿದ ಮೇಲೆ ಪೂಜೆ ಮಾಡಿದರೂ ಸರಿ, ಕರಡಿಗೆಯನ್ನು ಗೂಟಕ್ಕೆ ತೂಗು ಹಾಕಿದರೂ ಸರಿ ಎಂಬಂತಾಯಿತು. ಮನೆಯ ಹಿರಿಯರು ಲಿಂಗದ ಅರ್ಥವನ್ನು ಹೇಳಿಕೊಡದಿದ್ದರೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಗೆಳತಿಯೊಬ್ಬಳು ತನ್ನ ದೇವರ ಕೃಪೆಯನ್ನು ಕಣ್ಣೀರು ತುಂಬಿ ವರ್ಣಿಸುವಾಗ ನಮ್ಮ ಮಗಳು ಅದನ್ನು ಮೊದಲ ಸಲ ಕೇಳಿದಂತೆ ಕೇಳುತ್ತಾಳೆ. ಕೃಪೆಯ ಮಾತನ್ನು ಮನೆಯಲ್ಲಿ ಅವಳು ಕೇಳಿರಲೇ ಇಲ್ಲ; ಕೇಳಿದ್ದು ಹಬ್ಬದ ಹೋಳಿಗೆಯ ಮಾತು, ಮದುವೆಗೆ ಒಳಪಂಗಡ ನೋಡುವ ಮಾತು.

ಧರ್ಮಪ್ರಸಾರವೆಂದರೆ ಪರಧರ್ಮದವರನ್ನು ಎಣಿಸಿ ತರುವುದೆಂದು ತಿಳಿಯಬೇಡಿರಿ. ಗಬ್ಬೂರಿನಲ್ಲಿ ದಾರಿ ಒಡೆಯುವಲ್ಲಿ ನೆಟ್ಟ ಫಲಕವನ್ನು ನೀವು ನೋಡಿದ್ದೀರಿ. ಬಂದವರಿಗೆಲ್ಲ ಅದು ದಾರಿ ತೋರುತ್ತದೆ. ಯಾರು ಊರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂಬ ದಫ್ತರ ಅದರ ಬಳಿ ಇಲ್ಲ. ಮಠಗಳೂ ಗುರುಗಳೂ ತಂದೆತಾಯಂದಿರೂ ಅಷ್ಟು ಮಾಡಿದರೆ ಸಾಕು. ನಿತ್ಯ ಬೆಳಗಿನ ಪೂಜೆಗೆ ಮಕ್ಕಳನ್ನು ಜೊತೆಯಲ್ಲಿ ಕೂಡ್ರಿಸಿಕೊಂಡು, ಅವರು ಕೇಳಿದ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಹೇಳಿರಿ. ಹೊರಕೇರಿಯಿಂದ ಬಂದು ದೀಕ್ಷೆ ಬೇಡಿದವನನ್ನು ಕುಲ ಕೇಳದೆ ಗುರುವಿನ ಹತ್ತಿರ ಕರೆತನ್ನಿರಿ. ಮನೆಯ ಮಗುವೊಂದು ಬೇರೆ ದಾರಿ ಹಿಡಿದರೆ ಅದರ ತಾಟನ್ನು ಎತ್ತಿಡಬೇಡಿರಿ. ಹಾಗೆಯೇ, ನಿಮ್ಮ ಬಾಗಿಲಿಗೆ ಸುವಾರ್ತೆ ಹೇಳಲು ಬಂದವನಿಗೆ ಕುಡಿಯಲು ನೀರು ಕೊಟ್ಟು, ಹೇಳುವುದನ್ನು ಕೇಳಿ, ನಿಮ್ಮ ನಂಬಿಕೆಯನ್ನೂ ಸ್ಪಷ್ಟವಾಗಿ ಹೇಳಿ ಕಳಿಸಿರಿ.

ಕೃಪೆಯನ್ನು ಪಡೆದವನು ಅದನ್ನು ಅಳತೆಗೋಲಾಗಿ ಹಿಡಿದು ನೆರೆಯವನನ್ನು ಅಳೆಯತೊಡಗಿದರೆ, ಅವನು ಯಾವ ಧರ್ಮದವನಾದರೂ ಪಡೆದದ್ದನ್ನು ಕಳೆದುಕೊಂಡನೆಂದೇ ತಿಳಿಯಬೇಕು. ಆ ತೂಕದ ಹೊಣೆಯನ್ನು ಶಿವನಿಗೆ ಬಿಟ್ಟು, ಕರೆಯುವ ಕೆಲಸವನ್ನು ನಾವು ಮಾಡೋಣ. ನಿಮ್ಮೆಲ್ಲರ ಮನೆಗಳಲ್ಲಿ ಗುರುಕಾರುಣ್ಯ ನೆಲೆಸಲಿ, ಅಗಲಿದ ಹಿರಿಯರ ನೆನಹು ಮಕ್ಕಳಿಗೆ ಬೆಳಕಾಗಲಿ, ದೂರ ಹೋದವರಿಗೂ ಮರಳಿ ಬರುವ ಬಾಗಿಲು ತೆರೆದಿರಲಿ ಎಂದು ಹಾರೈಸುತ್ತೇವೆ.